ಚಾವಣಿ ಇದ್ದುದರಿಂದ ಚಾವಣಿ ಹೋಗಿಲ್ಲ

ತೆರಿಗೆ ಕಚೇರಿಯ ನಷ್ಟ ಪರಿಶೀಲನಾಧಿಕಾರಿಗಳ ದಿವ್ಯ ಸನ್ನಿಧಾನಕ್ಕೆ,

ಮಾನ್ಯರೇ,

ಲೂಸಿಯಾನದ ಬಾಯೂ ಕ್ಲೇರ್ ಊರಿನ ಸೀಗಡಿ ವ್ಯಾಪಾರಿ ವರ್ಲೀನ್ ಥೆರಿಯೋ ಮಾಡುವ ಅನಂತ ವಂದನೆಗಳು. ತಾವು ಕ್ಷೇಮವೆಂದೂ ತಮ್ಮ ಏಸಿ ತಣ್ಣಗೆ ಬೀಸುತ್ತಿದೆಯೆಂದೂ ನಂಬಿದ್ದೇನೆ.

ಕಳೆದ ಸೆಪ್ಟೆಂಬರಿನ ಚಂಡಮಾರುತ ನನ್ನ ಮನೆಯ ಚಾವಣಿಯನ್ನು ಹೊತ್ತೊಯ್ದು ಕಾಲುವೆಗೆ ಹಾಕಿದ್ದರಿಂದ, ಆ ನಷ್ಟವನ್ನು ಆದಾಯದಲ್ಲಿ ಕಳೆದು ತೆರಿಗೆ ಇಳಿಸಬೇಕೆಂದು ಕೋರಿದ್ದೆ. ತಮ್ಮ ಸಿಬ್ಬಂದಿ ಬಂದು ನೋಡಿ, ಮನೆಗೆ ಚಾವಣಿ ಇದೆ, ಆದ್ದರಿಂದ ಚಾವಣಿ ಹೋಗಿಲ್ಲ ಎಂದು ಷರಾ ಬರೆದರು. ಇಷ್ಟು ಸರಳವಾದ ತರ್ಕ ಈ ವಯಸ್ಸಿನವರೆಗೂ ನನಗೆ ಹೊಳೆದಿರಲಿಲ್ಲ.

ತಪ್ಪೆಲ್ಲ ನಮ್ಮವರದೇ. ಗಾಳಿ ನಿಂತ ಬೆಳಿಗ್ಗೆಯೇ ಪಕ್ಕದ ಮನೆಯ ಆಲ್ಸೀಡ್ ಏಣಿ ಹೊತ್ತು ಬಂದ, ಅವನ ಹಿಂದೆ ಅರ್ಧ ಬೀದಿ ಬಂತು. ಕರೆಂಟಿಲ್ಲದೆ ಫ್ರೀಜರುಗಳಲ್ಲಿ ಕರಗುತ್ತಿರುವ ಸೀಗಡಿ, ಬಾತುಕೋಳಿ, ಸಾಸೇಜುಗಳನ್ನೆಲ್ಲ ಒಂದೇ ಹಂಡೆಗೆ ಸುರಿದು ಗಂಬೊ ಸಾರು ಮಾಡುವುದು, ಉಂಡವರೆಲ್ಲ ಯಾರ ಚಾವಣಿ ಹಾರಿದೆಯೋ ಅವರ ಮನೆ ಹತ್ತಿ ಮಾಡು ಹೊದಿಸುವುದು ಇಲ್ಲಿನ ಪದ್ಧತಿ. ಮೊದಲು ಫೋಟೋ ತೆಗೆಯೋಣವೆಂದರೆ ಆಲ್ಸೀಡ್, "ಅಲ್ಲ ವರ್ಲೀನಕ್ಕ, ಮೇಲೆ ಮೋಡ ಕಟ್ತಿದೆ, ನಿಂಗೆ ಫೋಟೋ ಚಿಂತೆ. ತಗಡು ಹಿಡ್ಕೊ ಬಾ" ಎಂದು ಗದರಿದ. ಹಿಡಿದುಕೊಂಡೆ. ಹಳೇ ದೋಣಿಯ ಕೊಟ್ಟಿಗೆಯ ತಗಡು, ನೀಲಿ ಟಾರ್ಪಾಲು ಸೇರಿ ಸಂಜೆಗೆ ಚಾವಣಿಯಾಯಿತು.

ತಾವು ಕೂಲಿಯ ರಸೀದಿಯನ್ನೂ ಕೇಳಿದ್ದಿರಿ. ಆಲ್ಸೀಡನ ಹತ್ತಿರ ಪ್ರಸ್ತಾಪಿಸಿದ್ದಕ್ಕೆ, "ಬರ್ಕೊಡ್ತೀನಿ ಬಿಡು. ಎರಡು ಬಟ್ಟಲು ಗಂಬೊ ಮುಟ್ಟಿದೆ, ಉಪ್ಪು ಸ್ವಲ್ಪ ಜಾಸ್ತಿ" ಎಂದ. ಅದನ್ನೇ ಲಗತ್ತಿಸಿದ್ದೇನೆ.

ನಿಜ ಹೇಳಬೇಕೆಂದರೆ, ಮಾನ್ಯರೇ, ನನಗೆ ಭಯವಿದೆ. ಆ ತಗಡು ಇನ್ನೊಂದು ಗಾಳಿಯನ್ನು ತಡೆಯುವುದಿಲ್ಲ, ಅದರ ಕೆಳಗೆ ಹಾಸಿಗೆ ಹಿಡಿದ ನನ್ನ ತಂಗಿ ಯೂಲಾ ಮಲಗಿದ್ದಾಳೆ. ತೆರಿಗೆಯಲ್ಲಿ ಉಳಿಯುವ ದುಡ್ಡಿನಿಂದಲೇ ಗಟ್ಟಿ ಚಾವಣಿ ಹಾಕಿಸಬೇಕೆಂದಿದ್ದೆ. ಅಷ್ಟರಲ್ಲಿ ಗಾಳಿಯ ಕಾಲ ಮತ್ತೆ ಬಂದಿದೆ.

ಆದ್ದರಿಂದ ತಾವು ದಯಮಾಡಿ ಆ ಚಂಡಮಾರುತವನ್ನು ಕಚೇರಿಗೆ ಕರೆಸಿ ಹೇಳಿಕೆ ಪಡೆಯಬೇಕು, ಇಲ್ಲವೇ ತಮ್ಮ ಸಿಬ್ಬಂದಿ ಬಂದು ನೋಡುವವರೆಗೆ ಮಳೆ ಸುರಿಯಕೂಡದೆಂದು ಆದೇಶ ಹೊರಡಿಸಬೇಕು. ಎರಡೂ ಆಗದಿದ್ದರೆ ಅರ್ಜಿಯನ್ನು ಇನ್ನೊಮ್ಮೆ ನೋಡಬೇಕು. ನನ್ನ ಹಳೆಯ ಚಾವಣಿ ಕಾಲುವೆಯಲ್ಲೇ ಇದೆ. ಅದರ ಮೇಲೆ ಮೊಸಳೆಯೊಂದು ಬಿಸಿಲು ಕಾಯಿಸುತ್ತಿರುವುದರಿಂದ ಪರಿಶೀಲನೆಗೆ ಬರುವವರು ದೂರದಿಂದಲೇ ನೋಡುವುದು ಒಳ್ಳೆಯದು.

ಟಾರ್ಪಾಲಿನ ಅಡಿಯಿಂದ,
ತಮ್ಮ ವಿಶ್ವಾಸಿ,
ವರ್ಲೀನ್ ಥೆರಿಯೋ

ಹೇಳಲು ಮರೆತದ್ದು: ಈ ಸಲದ ಮೊದಲ ಗಾಳಿ ತಮ್ಮ ಊರಿನ ಕಡೆ ತಿರುಗಿದೆಯಂತೆ. ತಮ್ಮ ಮನೆಗೆ ಏನಾದರೂ ಆದರೆ ಸಂಕೋಚಪಡದೆ ತಿಳಿಸಿ, ಬೀದಿಯವರೆಲ್ಲ ಬರುತ್ತೇವೆ. ಫೋಟೋ ಮಾತ್ರ ನಾವು ತಲುಪುವ ಮೊದಲೇ ತೆಗೆದಿಟ್ಟುಕೊಳ್ಳಿ. ನಮ್ಮವರ ಕೈ ಬಹಳ ಚುರುಕು.