ಸದ್ದಿಲ್ಲದೆ ಬಂದ ಕಾರು

ಚಿತ್ರದುರ್ಗ ಬಿಟ್ಟು ಹಿರಿಯೂರು ಮುಟ್ಟುವಷ್ಟರಲ್ಲಿ ಸಾಹೇಬರು ಹನ್ನೊಂದು ಸಲ ಕಿವಿ ಮುಚ್ಚಿಕೊಂಡರು. ಸರ್ಕಾರಿ ಅಂಬಾಸಿಡರಿನ ಎಡಗಡೆಯ ಮುಂದಿನ ಚಕ್ರ ಹಿಟ್ಟಿನ ಗಿರಣಿಯಂತೆ ಗೊರ್ರೆನ್ನುತ್ತಿತ್ತು. ಕಾರು ಬಲಕ್ಕೆ ಹೊರಳಿದರಂತೂ ಗಿರಣಿಗೆ ಜಲ್ಲಿ ಸುರಿದ ಹಾಗೆ.

“ಚಿತ್ತಯ್ಯ, ಈ ಸದ್ದು ಇವತ್ತೇ ನಿಲ್ಲಬೇಕು. ನಾನು ಜೀಪಿನಲ್ಲಿ ಆದಿವಾಲಕ್ಕೆ ತಪಾಸಣೆಗೆ ಹೋಗ್ತೀನಿ. ನೀನು ರಿಪೇರಿ ಮಾಡಿಸಿ ಮೂರು ಗಂಟೆಗೆ ಕಾರು ತಗೊಂಡು ಅಲ್ಲಿಗೆ ಬಾ. ಸದ್ದು ನಿಂತಿದ್ದರೆ ನಿನ್ನ ಖಾಯಂ ಫೈಲಿಗೆ ಇವತ್ತೇ ಸಹಿ.”

ಆರು ವರ್ಷದಿಂದ ದಿನಗೂಲಿ ಡ್ರೈವರಾಗಿದ್ದ ಚಿತ್ತಯ್ಯನಿಗೆ ಕಣ್ಣು ತುಂಬಿ ರಸ್ತೆಯೇ ಮಂಜಾಯಿತು.

ಆದರೆ ಫೈಲು ಇದ್ದದ್ದು ಹಿರಿಯೂರು ಕಚೇರಿಯ ಹೆಡ್‌ಕ್ಲಾರ್ಕ್ ಶಿವಕುಮಾರಪ್ಪನ ಮೇಜಿನ ಮೇಲೆ. ಸುದ್ದಿ ಕೇಳಿದ್ದೇ ಆತನ ಮುಖ ಇಳಿದುಹೋಯಿತು.

“ಲೇ, ತಲೆ ಕೆಟ್ಟೈತೇನೋ? ಆ ಸದ್ದು ಐಮಂಗಲದಿಂದ್ಲೇ ಕೇಳ್ತೈತೆ ಅಂತ ತಾನೆ ನಾವು ಹೊತ್ತಿಗೆ ಸರಿಯಾಗಿ ಸೀಟಿಗೆ ಬರೋದು? ತುರ್ತು ಪರಿಸ್ಥಿತಿ ಐತಪ್ಪ. ಸೀಟಲ್ಲಿ ಇಲ್ದೋರ್ನ ಸೀದಾ ಮನೆಗೆ ಕಳಿಸ್ತಾರೆ!”

ಟೈಪಿಸ್ಟ್ ಏಕಾಂತಮ್ಮ ಹೆಣಿಗೆಯ ಕಡ್ಡಿಯನ್ನು ಈಟಿಯಂತೆ ಎತ್ತಿದಳು. “ನನ್ ಸ್ವೆಟ್ರಿಗೆ ಇನ್ನೂ ಒಂದು ತೋಳು ಬಾಕಿ ಐತೆ. ಟೈರಿಗೆ ಗಾಳಿ ಹೊಡೆಸಿ, ರಿಪೇರಿ ಆತು ಅಂತ ಹೇಳು.”

“ಸಾಹೇಬ್ರ ಕಿವಿಗೆ ಹತ್ತಿ ಇಟ್ರೆ ಎಲ್ರಿಗೂ ಒಳ್ಳೇದು,” ಎಂದ ಜವಾನ ಕಾಟಲಿಂಗಪ್ಪ.

“ರಿಪೇರಿ ಮಾಡ್ಸಿದ್ಯೋ, ನಿನ್ ಫೈಲು ಈ ಮೇಜು ಬಿಟ್ಟು ಅಲ್ಲಾಡಲ್ಲ,” ಶಿವಕುಮಾರಪ್ಪ ತೀರ್ಪು ಕೊಟ್ಟ.

ಚಿತ್ತಯ್ಯ ಕೈ ಮುಗಿದ. “ಊರು ಮುಟ್ಟಿದ ಕೂಡ್ಲೆ ಮೂರು ಸಲ ಹಾರನ್ ಹೊಡೀತೀನಿ ಸಾರ್. ಆಗ ಬಂದು ಕುಂತ್ಕಳ್ರಿ.” ಬಹಳ ಚರ್ಚೆಯಾದ ಮೇಲೆ ಕಚೇರಿ ಒಪ್ಪಿತು.

ಮೆಕ್ಯಾನಿಕ್ ಪಾಲಣ್ಣ ಕಾರಿಗೆ ಜಾಕ್ ಕೊಟ್ಟು, ಚಕ್ರವನ್ನು ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿದ. ಅದು ಮುದುಕನ ಹಲ್ಲಿನಂತೆ ಕಟಕಟ ಅಂದಿತು.

“ಬೇರಿಂಗು ಸತ್ತು ಎಷ್ಟೋ ದಿನ ಆಗೈತೆ. ನೀನು ಹೆಣ ಹೊತ್ಕಂಡು ಓಡಾಡ್ತಿದೀಯ. ಇನ್ನೊಂದು ವಾರ ಬಿಟ್ಟಿದ್ರೆ ಚಕ್ರ ಸಾಹೇಬ್ರಿಗಿಂತ ಮೊದ್ಲು ಆಫೀಸಿಗೆ ಹೋಗ್ತಿತ್ತು.”

ಹಳೆಯ ಬೇರಿಂಗು ಜಪ್ಪಯ್ಯ ಎಂದರೂ ಜಾಗ ಬಿಡಲಿಲ್ಲ. ಸುತ್ತಿಗೆಯಲ್ಲಿ ಬಡಿದಾಗ ಚೂರುಚೂರಾಗಿ ಉದುರಿತು. ಹೊಸದಕ್ಕೆ ಗ್ರೀಸು ತುಂಬಿ ಕೂರಿಸಿ ಕೈಯಲ್ಲಿ ತಿರುಗಿಸಿದರೆ ಚಕ್ರ ಉಸಿರೂ ಬಿಡದೆ ಸುತ್ತಿತು.

ಆದಿವಾಲದಿಂದ ಹಿಂದಿರುಗುವಾಗ ಸಾಹೇಬರು ಹಾಯಾಗಿ ಕಾಲು ಚಾಚಿದರು. ಊರು ಬಂತು. ಚಿತ್ತಯ್ಯ ಮೂರು ಸಲ ಹಾರನ್ ಒತ್ತಿದ.

“ಯಾರಿಗಯ್ಯ ಹಾರನ್ನು?”

“ಕುರಿ ಅಡ್ಡ ಬಂದ್ವು ಸಾರ್.”

“ಎಲ್ಲಿವೆ?”

“ಹೋದ್ವು ಸಾರ್.”

ಹೆದ್ದಾರಿಯ ಊರಿನಲ್ಲಿ ಲಾರಿಗಳು ದಿನವಿಡೀ ಕೂಗುತ್ತಿರುತ್ತವೆ. ಮೂರು ಹಾರನ್ನು ಅಲ್ಲಿ ಯಾರ ಲೆಕ್ಕಕ್ಕೂ ಸಿಗಲಿಲ್ಲ.

ಸಾಹೇಬರು ಕಚೇರಿಯ ಬಾಗಿಲಲ್ಲಿ ನಿಂತರು. ಶಿವಕುಮಾರಪ್ಪ ಚಿತ್ತಯ್ಯನ ಫೈಲನ್ನೇ ತಲೆದಿಂಬು ಮಾಡಿಕೊಂಡು ಗೊರಕೆ ಹೊಡೆಯುತ್ತಿದ್ದ. ಏಕಾಂತಮ್ಮ ಬಾಗಿಲಿಗೆ ಬೆನ್ನು ಹಾಕಿ, ಕಾಟಲಿಂಗಪ್ಪನನ್ನು ಗೋಡೆಗೆ ತಿರುಗಿಸಿ ನಿಲ್ಲಿಸಿ, ಅವನ ಬೆನ್ನಿನ ಮೇಲೆ ಸ್ವೆಟರಿನ ಅಳತೆ ನೋಡುತ್ತಿದ್ದಳು. ಚಿತ್ತಯ್ಯ ಕಣ್ಣು ಮುಚ್ಚಿ ಸಿಡಿಲು ಬೀಳುವುದನ್ನೇ ಕಾದ.

ಬೀಳಲಿಲ್ಲ. ಕಣ್ಣು ಬಿಟ್ಟರೆ ಸಾಹೇಬರು ತುದಿಗಾಲಲ್ಲಿ ವಾಪಸು ಬಂದು ಕಾರು ಹತ್ತುತ್ತಿದ್ದರು. ಬಾಗಿಲನ್ನೂ ಮೆಲ್ಲಗೆ ಎಳೆದುಕೊಂಡರು.

“ಚಿತ್ತಯ್ಯ, ನಾನು ಇಲ್ಲಿಗೆ ಬಂದೇ ಇಲ್ಲ. ಏನೂ ನೋಡಿಲ್ಲ.”

“ಸಾರ್?”

“ನಮ್ಮ ಕಚೇರಿಯಲ್ಲಿ ಶಿಸ್ತು ನೂರಕ್ಕೆ ನೂರು ಅಂತ ಮೊನ್ನೆ ತಾನೆ ಮೇಲಿನವರಿಗೆ ಬರೆದಿದ್ದೀನಿ. ಇದನ್ನ ನೋಡಿದೆ ಅಂದ್ರೆ ಮೊದಲು ಹೋಗೋದು ನನ್ನ ಕುರ್ಚಿ!” ಸಾಹೇಬರು ಬೆವರು ಒರೆಸಿಕೊಂಡರು. “ಆ ಹಳೇ ಬೇರಿಂಗ್ ಎಲ್ಲಿ?”

“ಒಡೆದು ಚೂರಾತು ಸಾರ್.”

“ಹಾಗಾದ್ರೆ ಅಂಥದ್ದೇ ಇನ್ನೊಂದು ಹುಡುಕಿ ಹಾಕಿಸು. ನನಗೆ ಮೊದಲಿನ ಸದ್ದೇ ಬೇಕು. ಅದು ಬರೋವರೆಗೆ ಖಾಯಂ ಮಾತು ಎತ್ತಬೇಡ.”

ಅಂದು ಸಂಜೆ ಗ್ಯಾರೇಜಿನ ಹಿಂದಿನ ಗುಜರಿ ರಾಶಿಯಲ್ಲಿ ಚಿತ್ತಯ್ಯ ಮೊಣಕಾಲೂರಿ, ಒಂದೊಂದೇ ಬೇರಿಂಗನ್ನು ಕಿವಿಯ ಹತ್ತಿರ ಹಿಡಿದು ತಿರುಗಿಸಿ ಎಸೆಯುತ್ತಿದ್ದ. ಪಾಲಣ್ಣ ಕನಿಕರಪಟ್ಟು, ತಾನೇ ಒಂದನ್ನು ಆರಿಸಿ ಒರೆಸಿ ಕೊಟ್ಟ.

“ಇದು ಬ್ಯಾಡಣ್ಣ,” ಚಿತ್ತಯ್ಯ ಅಳುದನಿಯಲ್ಲಿ ಹೇಳಿದ, “ಇದು ಇನ್ನೂ ಚೆನ್ನಾಗೈತೆ.”