ಷಡ್ಡಕನ ಗೇಮ್ ಸಂಗೀತ

ಹೊಟ್ಟೆಕಿಚ್ಚಿನಲ್ಲೂ ತರತಮವಿದೆ. ನೆರೆಯವನ ಕಾರು ಕಂಡು ಬಂದದ್ದು ಮಜ್ಜಿಗೆ ಕುಡಿದರೆ ಇಳಿಯುತ್ತದೆ. ಷಡ್ಡಕನ ಮೇಲೆ ಬಂದದ್ದಕ್ಕೆ ಮದ್ದಿಲ್ಲ. ಒಂದೇ ಮನೆಯ ಇಬ್ಬರು ಅಳಿಯಂದಿರೆಂದರೆ ಒಂದೇ ತಕ್ಕಡಿಯ ಎರಡು ತಟ್ಟೆಗಳು, ತೂಗುವವರು ಅತ್ತೆ.

ನಾನು ಆಂಧ್ರದ ಗಡಿಯ ಹಿಂದೂಪುರದಲ್ಲಿ ಮದುವೆಗಳಿಗೆ ಕೀಬೋರ್ಡ್ ನುಡಿಸುವವನು. ಅತ್ತೆಯ ಮನೆಯಲ್ಲಿ ಸಂಗೀತದ ಅಳಿಯನೆಂದರೆ ನಾನೊಬ್ಬನೇ ಎಂದು ಹಾಯಾಗಿದ್ದೆ. ಷಡ್ಡಕ ರುದ್ರೇಶ ಕಲ್ಯಾಣದುರ್ಗದ ಕಡಲೆಕಾಯಿ ವ್ಯಾಪಾರಿ. ಅವನಿಗೆ ಶ್ರುತಿಯೆಂದರೆ ಯಾರದೋ ಮಗಳ ಹೆಸರು. ಅಂಥವನು ಅಂಗೈಯಗಲದ ಎರಡು ಹಳೆಯ ವಿಡಿಯೋಗೇಮ್ ಯಂತ್ರಗಳನ್ನು ಗುಜರಿಯಿಂದ ತಂದು, ಅದೇನೋ ಸಾಫ್ಟ್‌ವೇರ್ ತುಂಬಿಸಿ, ಡ್ಯಾನ್ಸ್ ಸಂಗೀತ ಮಾಡುತ್ತಿದ್ದಾನೆಂದು ಕೇಳಿ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದೆ.

ಮೊನ್ನೆ ಕಲ್ಯಾಣದುರ್ಗದಲ್ಲಿ ಅತ್ತೆಯ ತಮ್ಮನ ಮಗಳ ಆರತಕ್ಷತೆ. ನಾನು ಮೆಲ್ಲನೆಯ ರಾಗವೊಂದನ್ನು ಹಿಡಿದು ಕಣ್ಣು ಮುಚ್ಚಿದೆ. ತೆರೆದಾಗ ಜನರೆಲ್ಲ ಊಟದ ಹಾಲ್‌ನಲ್ಲಿದ್ದರು. ಆಮೇಲೆ ರುದ್ರೇಶ ವೇದಿಕೆಗೆ ಬಂದು ತನ್ನ ಯಂತ್ರಗಳನ್ನು ಸ್ಪೀಕರಿಗೆ ಜೋಡಿಸಿ ಹೆಬ್ಬೆರಳಿನಿಂದ ಗುಂಡಿ ಒತ್ತಿದ. ಬೋರ್‌ವೆಲ್ ಲಾರಿ ಬಂಡೆ ಕೊರೆದಂಥ ಸದ್ದು. ಅದರ ಮೇಲೆ ಹುಚ್ಚು ಹಿಡಿದ ಜೀರುಂಡೆಗಳು. ಜನ ಎಂಜಲು ಕೈಯಲ್ಲೇ ಓಡಿಬಂದು ಕುಣಿದರು. ಮಂಡಿನೋವಿನ ನಮ್ಮತ್ತೆಯೂ!

"ನಮ್ ರುದ್ರೇಶ ಎಂಗ್ ಬಾರಿಸ್ತಾನೆ ನೋಡ್ರೀ!" ಎಂದಳು ನನ್ನ ಹೆಂಡತಿ ಗಿರಿಜೆ.

"ಅದು ಬಾರಿಸೋದಲ್ಲ ಕಣೇ, ಗುಂಡಿ ಒತ್ತೋದು."

"ನಿಮ್ದೂ ಗುಂಡಿನೇ ಅಲ್ವೇನ್ರೀ?"

ಅಷ್ಟರಲ್ಲಿ ಸದ್ದು ಥಟ್ಟನೆ ನಿಂತಿತು. ರುದ್ರೇಶ ನನ್ನ ಬಳಿ ಓಡಿಬಂದ.

"ಅಣ್ಣಾ, ಸೆಲ್ಲು ಅಯಿಪೋಯ್ತು ಕಣಣ್ಣ! ನಿನ್ ಕಾರ್ಡ್‌ಲೆಸ್ ಮೈಕ್‌ನಾಗಿರೋವ ಕೊಡ್ತೀಯಾ?"

ದೇವರಿದ್ದಾನೆ ಅನ್ನಿಸಿತು. 'ಲೇದಪ್ಪಾ, ಇಲ್ಲ' ಎನ್ನಲು ಬಾಯಿ ತೆರೆದೆ. ಆದರೆ ಅತ್ತೆ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಏದುಸಿರು ಬಿಡುತ್ತ ನನ್ನನ್ನೇ ನೋಡುತ್ತಿದ್ದರು.

"ಬಿರ್‍ನೆ ಕೊಟ್ಬುಡಪ್ಪ, ನಿಂತ್ರೆ ಮಂಡಿ ಹಿಡ್ಕಂಬುಡ್ತೈತೆ!"

ಹಲ್ಲು ಕಚ್ಚಿಕೊಂಡು ಮೈಕ್ ಬಿಚ್ಚಿ ಬ್ಯಾಟರಿ ಸೆಲ್ಲುಗಳನ್ನು ಕೊಟ್ಟೆ. ಯಂತ್ರ ಮತ್ತೆ ಗುಡುಗಿತು. ರುದ್ರೇಶ ನನ್ನತ್ತ ಕೈ ತೋರಿಸಿ, "ಮಾ ಅಣ್ಣನಿಗೆ ಒಂದ್ ಚಪ್ಪಾಳೆ ಹೊಡೀರಪ್ಪೋ!" ಎಂದು ಕೂಗಿದ. ಇಡೀ ಛತ್ರ ಅದುರುವಂತೆ ಚಪ್ಪಾಳೆ, ಶಿಳ್ಳೆ. ಇಷ್ಟು ವರ್ಷ ನುಡಿಸಿದರೂ ಅಂಥದ್ದನ್ನು ನಾನು ಕೇಳಿದ್ದಿಲ್ಲ. ಅದು ಸೆಲ್ಲಿಗೆ ಬಿದ್ದದ್ದೆಂದು ಚೆನ್ನಾಗಿಯೇ ಗೊತ್ತಿತ್ತು. ಆದರೂ ಎದೆಯ ಮೇಲೆ ಕೈಯಿಟ್ಟು, ದೊಡ್ಡ ವಿದ್ವಾಂಸನ ಹಾಗೆ ತಲೆ ಬಾಗಿಸಿದೆ; ಚಪ್ಪಾಳೆ ನಿಲ್ಲುವವರೆಗೂ ಎತ್ತಲಿಲ್ಲ.