ದೊಡ್ಡಪ್ಪನ ಸೇಮ್ ಬೋಟ್

ಸರಿಯಾಗಿ ಸಂಜೆ ಐದೂ ಮುಕ್ಕಾಲಿಗೆ ನಮ್ಮ ದೊಡ್ಡಪ್ಪ ಬಾವಿಗೆ ಬಿದ್ದರು. ಕುಡಿದಿರಲಿಲ್ಲ, ಕಣ್ಣೂ ನೆಟ್ಟಗಿತ್ತು. ಬೀಳಿಸಿದ್ದು ಇಂಗ್ಲಿಷು!

ಗುಂಡ್ಲುಪೇಟೆಯಲ್ಲಿ ಇಂಗ್ಲಿಷ್ ಮೇಷ್ಟರಾಗಿ ನಿವೃತ್ತರಾದ ಅವರಿಗೆ ಒಂದೇ ಹುಚ್ಚು. ಯಾರು ಯಾರಿಗೆ ಸಮ ಎಂದು ಹೇಳುವ ಇಂಗ್ಲಿಷ್ ನುಡಿಗಟ್ಟುಗಳೆಲ್ಲ ನಾಲಿಗೆಯ ತುದಿಯಲ್ಲಿ. ಬೇಗೂರಿನ ಮದುವೆಯಲ್ಲಿ ಇಬ್ಬರು ಬೀಗರು ಮುಂದಿನ ಕುರ್ಚಿಗೆ ಕಿತ್ತಾಡಿದಾಗ, "ನೆಕ್ ಅಂಡ್ ನೆಕ್!" ಎಂದು ತೀರ್ಪು ಕೊಟ್ಟು ಇಬ್ಬರನ್ನೂ ಅದೇ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿದರು. ಕುರ್ಚಿಗೆ ಸಮಾನತೆ ತಡೆಯಲಾಗಲಿಲ್ಲ. ದೊಡ್ಡಮ್ಮನ ಉಪ್ಸಾರು, ನಮ್ಮಮ್ಮನ ಉಪ್ಸಾರು ಎರಡೂ "ಆನ್ ಎ ಪಾರ್" ಎಂದರು. ಅವತ್ತು ಇಬ್ಬರೂ ಸರಿಸಮವಾಗಿ ಊಟ ಹಾಕಲಿಲ್ಲ!

ಈ ಸಮಾನತೆಗೆ ಬಗ್ಗದವನು ಒಬ್ಬನೇ: ಹರವೆ ಊರಿನಲ್ಲಿರುವ ದೊಡ್ಡಪ್ಪನ ತೋಟ ನೋಡಿಕೊಳ್ಳುವ ಸಿದ್ದಣ್ಣ. ಒಂದೇ ವಯಸ್ಸು, ಹುಡುಗರಾಗಿದ್ದಾಗ ಒಟ್ಟಿಗೆ ದನ ಮೇಯಿಸುತ್ತ 'ಲೋ', 'ಲಾ' ಅಂದುಕೊಂಡವರು. ಆಮೇಲೆ ಯಾವಾಗಲೋ ಸಿದ್ದಣ್ಣನ ಬಾಯಿಗೆ ಒಡೆಯರಿಗೆನ್ನುವ 'ಬುದ್ಧಿ' ಬಂತು, 'ಲೋ' ಹೋಯಿತು. ಅದು ದೊಡ್ಡಪ್ಪನಿಗೆ ಮುಳ್ಳು.

"ಬುದ್ಧಿ ಅನ್ಬ್ಯಾಡ ಕಣಪ್ಪ. ಸೇಮ್ ಬೋಟ್ ನಾವು!"

"ಆಗ್ಲಿ ಬುದ್ಧಿ."

ಆ ಸಂಜೆ ನಾನೂ ತೋಟದಲ್ಲಿದ್ದೆ. ಬಾವಿಗೆ ಬೆನ್ನು ಹಾಕಿ, ಎರಡೂ ಅಂಗೈ ಸಮಕ್ಕೆ ಹಿಡಿದು ಪಾಠ ಶುರುವಾಯಿತು: "ಆನ್ ಎ ಪಾರ್ ಅಂದ್ರೆ ನೀನಿಲ್ಲಿ, ನಾನಿಲ್ಲಿ..." ಎನ್ನುತ್ತ ಒಂದು ಹೆಜ್ಜೆ ಹಿಂದಿಟ್ಟರು.

ಹಿಂದೆಯೇ ಸಿದ್ದಣ್ಣ ಹಾರಿದ. ಒಂದು ಕೈಲಿ ದೊಡ್ಡಪ್ಪನ ಕಾಲರ್, ಇನ್ನೊಂದರಲ್ಲಿ ಪಾಚಿಗಟ್ಟಿದ ಕಲ್ಲು. "ಅಗ್ಗ ಬುಡಮ್ಮೀ!" ಎಂದು ನನ್ನತ್ತ ಕೂಗಿದ. ಪಂಪ್‌ಮನೆಯ ಕಂಬಕ್ಕೆ ಕಟ್ಟಿ ಹಗ್ಗ ಬಿಟ್ಟೆ. ದೊಡ್ಡಪ್ಪ ಅದನ್ನು ಸಿದ್ದಣ್ಣನ ಕಡೆ ತಳ್ಳಿದರು.

"ನೀನ್ ಮೊದ್ಲು. ನಾವಿಬ್ರೂ ಸೇಮ್..."

ಸಿದ್ದಣ್ಣನ ಬೆರಳು ಒಂದೊಂದಾಗಿ ಜಾರುತ್ತಿತ್ತು.

"ಬಾಯ್ ಮುಚ್ಲಾ! ಅತ್ಲಾ ಮ್ಯಾಕೆ!"

ದೊಡ್ಡಪ್ಪನ ಇಂಗ್ಲಿಷ್ ಅಲ್ಲೇ ನಿಂತಿತು. ಹಗ್ಗ ಹಿಡಿದು ಹತ್ತಿದರು. ಸಿದ್ದಣ್ಣನನ್ನು ನಾವಿಬ್ಬರೂ ಸೇರಿ ಎಳೆದೆವು.

ಮರುದಿನ ಬೆಳಿಗ್ಗೆ ಮತ್ತೆ ಅಂಗಳದಲ್ಲಿ ಕೈಕಟ್ಟಿದ ಸಿದ್ದಣ್ಣ: "ಎಂಗಿದ್ದೀರಿ ಬುದ್ಧಿ?" ದೊಡ್ಡಪ್ಪನ ಮುಖ ಬಾವಿಗಿಂತ ಆಳಕ್ಕೆ ಹೋಯಿತು. ನನಗೋ ಕಣ್ಣು ಮುಚ್ಚಿದರೆ ಜಾರುವ ಬೆರಳುಗಳೇ. ಎಷ್ಟು ರಾತ್ರಿ ಕೂಗಿಕೊಂಡು ಎದ್ದೆನೋ!

ಹಾಗೇ ಒಂದು ಮಧ್ಯಾಹ್ನ ತೋಟದಲ್ಲಿ ಚಾಪೆಯ ಮೇಲೆ ಮಲಗಿದ್ದೆ. ನನಗೆ ನಿದ್ದೆ ಬಂದಿದೆ ಎಂದುಕೊಂಡು ದೊಡ್ಡಪ್ಪ ಸಿದ್ದಣ್ಣನನ್ನು ಮೆಲ್ಲಗೆ ಕೇಳಿದರು:

"ಬಾವೀಲಿ ಏನೋ ಅಂದ್ಯಲ್ಲ, ಇನ್ನೊಂದ್ಸಲ ಅನ್ನಪ್ಪ."

ಸಿದ್ದಣ್ಣ ಸುತ್ತ ನೋಡಿದ. ಆಮೇಲೆ ಕಾಫಿ ಲೋಟ ಮುಂದಕ್ಕೆ ತಳ್ಳಿ, ತಾನೂ ಪಕ್ಕದಲ್ಲೇ ಕೂತ.

"ಕಾಪಿ ಕುಡಿಲಾ. ಆರೋಯ್ತದೆ."

ದೊಡ್ಡಪ್ಪ ಕುಡಿದರು. ಇಂಗ್ಲಿಷಿನಲ್ಲಿ ಏನೂ ಹೇಳಲಿಲ್ಲ.

ಆ ರಾತ್ರಿ ನಾನು ಬೆಳಗಾಗುವವರೆಗೂ ನಿದ್ದೆ ಮಾಡಿದೆ.